ಬಾಗಿಲು ಹಾಕುವ ಅತ್ತೆ

ಜುಲೈ 3

ಚಿಟಿಕೆಯ ತಂದೆಯವರಿಗೆ ನಮಸ್ಕಾರ.

ನಾನು ನಿಮ್ಮ ಮಗಳ ಶಾಲೆಯ ಡ್ರಾಯಿಂಗ್ ಟೀಚರ್. ಹಾಜರಿಯಲ್ಲಿ ಅವಳ ಹೆಸರು ಬೇರೆ ಇದ್ದರೂ ಇಡೀ ಐದನೇ ತರಗತಿ ಚಿಟಿಕೆ ಎಂದೇ ಕರೆಯುವುದರಿಂದ ನನ್ನ ಬಾಯಿಗೂ ಅದೇ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಹಡಗಿನ ಕಂಪನಿಗೆ ಫೋನ್ ಮಾಡಿದ್ದೆ. "ಎಂಜಿನ್ ಕೋಣೆಯವ್ರು ಫೋನಿಗೆ ಸಿಗಲ್ಲ ಮೇಡಂ, ಪತ್ರ ಬರೀರಿ, ಮುಂದಿನ ಬಂದರಲ್ಲಿ ಕೊಡ್ತೀವಿ" ಎಂದರು. ಹಾಗಾಗಿ ಈ ಪತ್ರ.

ಗಾಬರಿಯಾಗಬೇಡಿ, ದೂರು ಹೇಳಲು ಬರೆಯುತ್ತಿಲ್ಲ. ಈ ಸಲ ಮಕ್ಕಳ ಜೊತೆ ಒಂದು ಕಾದಂಬರಿ ಓದಿದೆವು. ಸೇತುವೆಯ ಕೆಳಗೆ ಒಂದು ಕೋಣೆ, ಅಲ್ಲಿ ಕೊಡೆ ರಿಪೇರಿ ಮಾಡುವ ಅಜ್ಜಿ, ಮೊಮ್ಮಗಳು, ಒಂದು ಕುಂಟ ಕಾಗೆ. ಒಂದು ದಿನ ಅಜ್ಜಿ ಯಾರದೋ ಕೊಡೆ ಕೊಟ್ಟು ಬರುತ್ತೇನೆಂದು ಹೋದವಳು ಬರುವುದೇ ಇಲ್ಲ. ಹುಡುಗಿ ಕಾಯುತ್ತಾಳೆ. ಕಾಯುತ್ತಾ ಕಾಯುತ್ತಾ ಕೊಡೆ ರಿಪೇರಿ ತಾನೇ ಕಲಿಯುತ್ತಾಳೆ. ಕೊನೆಯ ಸಾಲಿನಲ್ಲಿ ಯಾರೋ ಬಾಗಿಲು ತಟ್ಟುತ್ತಾರೆ. ಅಷ್ಟೇ, ಪುಸ್ತಕ ಮುಗಿಯಿತು. ಯಾರು ತಟ್ಟಿದ್ದು ಎಂದು ಬರೆದವರು ಹೇಳುವುದಿಲ್ಲ. ತರಗತಿಯಲ್ಲಿ ಅದೇ ದೊಡ್ಡ ಜಗಳವಾಯಿತು, ಇಬ್ಬರು ಹುಡುಗರು ಮಾತು ಬಿಟ್ಟಿದ್ದಾರೆ.

ಪ್ರಶ್ನೋತ್ತರ ಬರೆಸಿದರೆ ಒಬ್ಬಳು ಬರೆದದ್ದನ್ನೇ ಮೂವತ್ತು ಜನ ಇಳಿಸುತ್ತಾರೆ. ಅದಕ್ಕೆ ನಾನು ಕಾಗದ, ಗೋಂದು, ಬಣ್ಣ ಹಿಡಿದೆ. ಒಂದು ಗುಂಪು ಹಳೆಯ ದುಪ್ಪಟಿಯ ಮೇಲೆ ಕಥೆಯ ಊರಿನ ನಕ್ಷೆ ಬರೆಯುತ್ತಿದೆ. ಇನ್ನೊಂದು ಗುಂಪು ಕಾಲುಚೀಲಗಳಲ್ಲಿ ಕಾಗೆಯನ್ನೂ ಅಜ್ಜಿಯನ್ನೂ ಹೊಲಿದು ಬೊಂಬೆಯಾಟಕ್ಕೆ ತಯಾರಿ ನಡೆಸಿದೆ. ಕಾಲುಚೀಲ ಒಗೆದು ತನ್ನಿ ಎಂದು ಹೇಳಲು ಮರೆತದ್ದು ನನ್ನ ತಪ್ಪು. ಇವೆಲ್ಲದರ ಜೊತೆಗೆ ಪ್ರತಿಯೊಬ್ಬರಿಗೂ ಒಂದೊಂದು ಚಪ್ಪಲಿ ಪೆಟ್ಟಿಗೆ. ಅದರೊಳಗೆ ಆ ಕೋಣೆಯನ್ನು ಕಟ್ಟಬೇಕು. ಬಾಗಿಲು ತಟ್ಟಿದವರು ಯಾರು ಎಂದು ತೋರಿಸಬೇಕು.

ಎಲ್ಲರ ಪೆಟ್ಟಿಗೆಯಲ್ಲೂ ಬಾಗಿಲು ಆ ಅಂತ ತೆರೆದಿದೆ. ಹೊರಗೆ ಅಜ್ಜಿ, ಇಲ್ಲವೇ ಪೊಲೀಸು. ಒಬ್ಬ ಮಹಾರಾಯ ಡೈನೋಸಾರ್ ನಿಲ್ಲಿಸಿದ್ದಾನೆ. ನಿಮ್ಮ ಮಗಳದು ಮಾತ್ರ ಬೇರೆ. ನಾಲ್ಕೂ ಕಡೆ ಮುಚ್ಚಿ, ಒಳಗೆಲ್ಲ ಕಪ್ಪು ಬಳಿದು, ಕಣ್ಣಿಡಲು ಒಂದು ತೂತು ಕೊರೆದಿದ್ದಾಳೆ. ನೋಡಿದರೆ ಗವ್ವೆನ್ನುವ ಕತ್ತಲೆ. ಎದುರಿಗೆ ಮುಚ್ಚಿದ ಬಾಗಿಲು. ಬಾಗಿಲಿನ ಬಲಗಡೆ, ಮೇಲೆ, ಕೂದಲೆಳೆಯಷ್ಟು ಬೆಳಕು.

"ಬಾಗಿಲು ಯಾಕಮ್ಮ ಹಾಕಿದೆ?" ಎಂದೆ.

"ಅತ್ತೆ ಹಾಕಿದ್ದು."

"ಅತ್ತೆ ದಿನಾ ಹೀಗೆ ಬಾಗಿಲು ಹಾಕ್ತಾರಾ?"

"ರಜಾ ಇದ್ದಾಗ ನನ್ನನ್ನ ಒಳಗೆ ಬಿಟ್ಟು ಹಾಕ್ತಾರೆ. ಬೆಳಕು ಬಂದ್ರೆ ಕೂಗ್ಬೇಕು" ಎಂದು ಹೇಳಿ, ಗೋಂದಿನ ಬೆರಳು ನೆಕ್ಕಿಕೊಂಡು ಓಡಿಹೋದಳು.

ಮನೆಯಲ್ಲಿ ಅವಳ ಜೊತೆ ಯಾರಿರುತ್ತಾರೆ, ಹೇಗೆ ನೋಡಿಕೊಳ್ಳುತ್ತಾರೆ ಎಂದು ಎರಡು ಸಾಲು ಬರೆದರೆ ಉಪಕಾರ. ಸುಮ್ಮನೆ, ತಿಳಿದುಕೊಳ್ಳಲು.

ಇಂತಿ,
ಡ್ರಾಯಿಂಗ್ ಟೀಚರ್


ಜುಲೈ 29

ಟೀಚರಮ್ಮನವರಿಗೆ,

ನಿಮ್ಮ ಪತ್ರವನ್ನು ಎಂಜಿನ್ ಕೋಣೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಡೈನೋಸಾರ್ ನಿಲ್ಲಿಸಿದ ಹುಡುಗನಿಗೆ ನಮ್ಮ ಕಡೆಯಿಂದ ಶಹಬ್ಬಾಸ್ ಹೇಳಿ.

ಚಿಟಿಕೆಯ ಪೆಟ್ಟಿಗೆ ಏನೆಂದು ನನಗೆ ಒಂದೇ ಕ್ಷಣದಲ್ಲಿ ಗೊತ್ತಾಯಿತು. ಅದು ಕಥೆಯ ಕೋಣೆ ಅಲ್ಲ, ನನ್ನ ಎಂಜಿನ್ ಕೋಣೆ! ಹೋದ ಸಲ ಊರಿಗೆ ಬಂದಾಗ ಅವಳಿಗೆ ಹೇಳಿದ್ದೆ: ಅಪ್ಪ ಕೆಲಸ ಮಾಡುವಲ್ಲಿ ಕಿಟಕಿಯಿಲ್ಲ, ಒಂದೇ ಒಂದು ಬಾಗಿಲು, ಅದರ ಸಂದಿಯಲ್ಲಿ ಬೆಳಕು ಕಂಡರೆ ಹಗಲಾಯಿತು ಎಂದು ಲೆಕ್ಕ. ಮಗು ಮನಸ್ಸಿನಲ್ಲಿಟ್ಟುಕೊಂಡಿದೆ. ಆ ಪೆಟ್ಟಿಗೆ ಎಸೆಯಬೇಡಿ. ನನಗೆ ಬೇಕು.

ಅವಳ ತಾಯಿ ತೀರಿಕೊಂಡ ಮೇಲೆ ನನ್ನ ಅಕ್ಕನೇ ನೋಡಿಕೊಳ್ಳುತ್ತಾಳೆ. ಮೊದಲು ಕೆಲಸಕ್ಕೆ ಹೋಗುತ್ತಿದ್ದಳು, ಮಗುವಿಗೋಸ್ಕರ ಬಿಡಿಸಿದ್ದೇನೆ. ಈಗ ಮನೆಯಲ್ಲೇ ಇರುತ್ತಾಳೆ. ಮಾತು ಕಡಿಮೆ. ಹತ್ತು ಮಾತು ಆಡಿದರೆ ಒಂಬತ್ತು "ಹೂಂ". ನೀವು ಯೋಚನೆ ಮಾಡುವಂಥದ್ದೇನಿಲ್ಲ.

ಇಂತಿ,
ಚಿಟಿಕೆಯ ಅಪ್ಪ


ಆಗಸ್ಟ್ 12

ಚಿಟಿಕೆಯ ತಂದೆಯವರಿಗೆ,

ನಿಮ್ಮ ಪತ್ರ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಸುತ್ತಿ ಬಳಸಿ ಹೇಳಿದ್ದು ನಿಮಗೆ ತಲುಪಲಿಲ್ಲ. ಇನ್ನು ನೇರವಾಗಿ ಹೇಳುತ್ತೇನೆ, ಸಿಟ್ಟು ಬಂದರೆ ಬರಲಿ.

ನಿಮ್ಮ ಅಕ್ಕ ಮಗುವನ್ನು ಕತ್ತಲೆ ಕೋಣೆಯಲ್ಲಿ ಕೂಡಿ ಹಾಕುತ್ತಾರೆ ಎಂದು ನನಗೆ ಅನುಮಾನವಿದೆ.

ಅದು ಪೆಟ್ಟಿಗೆಯೊಂದರಿಂದ ಹುಟ್ಟಿದ ಅನುಮಾನವಲ್ಲ. ಸೋಮವಾರ ಬಂತೆಂದರೆ ಮಗು ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತದೆ. ಹೋದ ವಾರ ಬಲಗೈ ಹೆಬ್ಬೆರಳ ಉಗುರು ಕಪ್ಪಾಗಿತ್ತು. ಏನಾಯಿತು ಎಂದರೆ "ಬಾಗಿಲ ಸಂದಿಗೆ ಸಿಕ್ತು" ಎಂದಳು. ಅತ್ತೆ ಏನು ಮಾಡಿದರು ಎಂದರೆ "ಊದಿದ್ರು" ಎಂದಳು. ನಿಮ್ಮ ಅಕ್ಕ ಅವಳನ್ನು ಕರೆದೊಯ್ಯಲು ಬರುವುದು ಎಲ್ಲರೂ ಹೋದ ಮೇಲೆ. ತಲೆಗೂದಲಲ್ಲಿ ಧೂಳು, ಸೀರೆಯ ತುಂಬ ಧೂಳು. ಮನೆಯಲ್ಲೇ ಇರುವವರು ಅಂತೀರಿ, ಅಷ್ಟು ಧೂಳು ಎಲ್ಲಿಂದ ಬರುತ್ತದೆ? ನಾನು ಮಾತಾಡಿಸಲು ಹೋದರೆ "ಹೂಂ" ಎಂದು ಮಗುವಿನ ಕೈ ಹಿಡಿದು ನಡೆದುಬಿಡುತ್ತಾರೆ.

ಇನ್ನೊಂದು. ನಿನ್ನೆ ಬೊಂಬೆಯಾಟದ ಅಭ್ಯಾಸವಿತ್ತು. ಚಿಟಿಕೆ ಮೊಮ್ಮಗಳ ಬೊಂಬೆ ಹಿಡಿದಿದ್ದಳು. ನಾನು ಬರೆದುಕೊಟ್ಟ ಮಾತನ್ನು ಬಿಟ್ಟು ತನ್ನದೇ ಮಾತು ಸೇರಿಸಿದಳು: "ನಾನು ಕೂಗೋವರ್ಗೂ ಯಾರೂ ಬಾಗಿಲು ತೆಗೆಯಲ್ಲ." ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನನಗೆ ಕೈ ಬರಲಿಲ್ಲ.

ನಮ್ಮ ಶಾಲೆಗೆ ಸೇರಿದ ಹಾಸ್ಟೆಲ್ ಇದೆ. ನೀವು ಒಪ್ಪಿ ಬರೆದುಕೊಟ್ಟರೆ ಹೆಡ್‌ಮಿಸ್ ಅವಳನ್ನು ಅಲ್ಲಿ ಸೇರಿಸಿಕೊಳ್ಳಬಹುದು. ನಾನು ಇನ್ನೂ ಯಾರಿಗೂ ಹೇಳಿಲ್ಲ. ನಿಮ್ಮ ಉತ್ತರಕ್ಕೆ ಕಾಯುತ್ತೇನೆ. ಮತ್ತೆ ಎಂಜಿನ್ ಕೋಣೆಯ ಕಥೆ ಹೇಳಬೇಡಿ.

ಡ್ರಾಯಿಂಗ್ ಟೀಚರ್


ಆಗಸ್ಟ್ 30

ಟೀಚರಮ್ಮ,

ನಿಮ್ಮ ಪತ್ರವನ್ನು ಈ ಸಲ ಯಾರಿಗೂ ಓದಿ ಹೇಳಲಿಲ್ಲ.

ನಮ್ಮಪ್ಪ ನಮ್ಮನ್ನು ಉಗ್ರಾಣದಲ್ಲಿ ಕೂಡಿ ಹಾಕುತ್ತಿದ್ದ. ಮಾರ್ಕ್ಸ್ ಕಡಿಮೆ ಬಂದರೆ ಹಾಕುತ್ತಿದ್ದ, ತಟ್ಟೆ ಒಡೆದರೆ ಹಾಕುತ್ತಿದ್ದ, ಅವನಿಗೆ ತಲೆನೋವಿದ್ದರೆ ಸುಮ್ಮನೆ ಹಾಕುತ್ತಿದ್ದ. ಕತ್ತಲೆಯಲ್ಲಿ ಕೂತು ಬಾಗಿಲಿನ ಸಂದಿಯ ಬೆಳಕನ್ನು ನೋಡುವುದು ಬಿಟ್ಟರೆ ಬೇರೆ ಕೆಲಸವಿರುತ್ತಿರಲಿಲ್ಲ. ಎಂಜಿನ್ ಕೋಣೆಯ ಕೆಲಸಕ್ಕೆ ಸೇರಿದ ಮೊದಲ ತಿಂಗಳು ನಾನು ವಾಂತಿ ಮಾಡಿಕೊಂಡಿದ್ದು ಕಡಲಿನಿಂದಲ್ಲ, ಆ ಬಾಗಿಲಿನಿಂದ. ಇದನ್ನು ಯಾರಿಗೂ ಹೇಳಿಲ್ಲ. ಮಗಳಿಗೆ ತಮಾಷೆ ಮಾಡಿ ಹೇಳಿದ್ದೆ.

ಒಂದು ದಿನ ಅಕ್ಕ ಆ ಬಾಗಿಲು ತೆಗೆದಳು. ಅವಳಿಗಾಗ ಹದಿನಾಲ್ಕೋ ಹದಿನೈದೋ. ಆಮೇಲೆ ಅಪ್ಪ ನನ್ನನ್ನು ಅಲ್ಲಿ ಹಾಕಲಿಲ್ಲ. ಅವಳೇ ನನ್ನ ಮಗಳಿಗೆ ಹೀಗೆ ಮಾಡುತ್ತಾಳೆ ಎಂದರೆ ನಂಬಲು ಆಗುತ್ತಿಲ್ಲ. ಆದರೆ ನಂಬದೆಯೂ ಇರಲಾರೆ. ಅವಳೂ ಅದೇ ಅಪ್ಪನ ಮಗಳು. ನಮ್ಮ ಕೈ ಯಾವಾಗ ಅಪ್ಪನ ಕೈಯಾಗುತ್ತದೋ ಯಾರಿಗೆ ಗೊತ್ತು.

ಮಗುವನ್ನು ಕರೆದುಕೊಂಡು ಹೋಗಿ. ಇವತ್ತೇ. ನನ್ನ ಒಪ್ಪಿಗೆ ಇದರ ಜೊತೆಗಿದೆ. ಅಕ್ಕನಿಗೆ ನಾನೇ ಬರೆಯುತ್ತೇನೆ.

ಚಿಟಿಕೆಯ ಅಪ್ಪ


ಸೆಪ್ಟೆಂಬರ್ 9

ಚಿಟಿಕೆಯ ತಂದೆಯವರಿಗೆ ನಮಸ್ಕಾರ.

ನಿಮ್ಮ ಒಪ್ಪಿಗೆ ಕೈಗೆ ಬಂದ ದಿನವೇ ಕೆಲಸ ಮುಗಿಸಿದೆವು. ಮಗು ಹಾಸ್ಟೆಲಿನಲ್ಲಿ ಕ್ಷೇಮವಾಗಿದ್ದಾಳೆ. ಗಾಳಿ ಬೆಳಕು ಚೆನ್ನಾಗಿರುವ ಕೋಣೆ. ಇಷ್ಟು ಬೇಗ ಹೇಗಾಯಿತು ಎಂದು ನೀವು ಕೇಳಬಹುದು. ಹೆಡ್‌ಮಿಸ್‌ಗೆ ಜುಲೈನಲ್ಲೇ ಹೇಳಿದ್ದೆ. ಹಾಸಿಗೆ ಆಗಲೇ ಗೊತ್ತು ಮಾಡಿಟ್ಟಿದ್ದರು. ಯಾರಿಗೂ ಹೇಳಿಲ್ಲ ಎಂದು ನಿಮಗೆ ಬರೆದದ್ದು ಸುಳ್ಳು, ತಪ್ಪು ತಿಳಿಯಬೇಡಿ.

ಹೆಡ್‌ಮಿಸ್ ಮತ್ತು ನಾನು ಸಂಜೆ ಮನೆಗೆ ಹೋದೆವು. ನಿಮ್ಮ ಅಕ್ಕ ಕೂಗಾಡುತ್ತಾರೆ ಎಂದು ನಾನು ಸೊಂಟ ಕಟ್ಟಿಕೊಂಡು ಹೋಗಿದ್ದೆ. ಅವರು ಒಪ್ಪಿಗೆಯನ್ನು ಓದಿ, ನಿಮ್ಮ ಸಹಿಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತರು. "ಎಷ್ಟು ದಿನಕ್ಕೆ?" ಎಂದರು. ಹೆಡ್‌ಮಿಸ್ "ನೋಡೋಣ" ಎಂದರು. ಒಳಗೆ ಹೋಗಿ ಬಟ್ಟೆ ತುಂಬಿಕೊಟ್ಟರು. ಒಂದು ಮಾತಿಲ್ಲ, ಒಂದು ಕಣ್ಣೀರಿಲ್ಲ. ತಪ್ಪಿಲ್ಲದವರು ಹಾಗಿರುತ್ತಾರಾ ನೀವೇ ಹೇಳಿ. ಚೀಲದಲ್ಲಿ ಬಟ್ಟೆಯ ಜೊತೆ ಒಂದು ಚಪ್ಪಟೆ ಕೆಂಪು ಪೆನ್ಸಿಲ್ ಇತ್ತು. ನಾನು ಮಕ್ಕಳಿಗೆ ಕೊಡುವಂಥದ್ದಲ್ಲ. ಚಿಟಿಕೆ ಅದನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಓಡಾಡುತ್ತಾಳೆ.

ಮಗು ಅಳಲಿಲ್ಲ. ಊಟ ಮಾಡುತ್ತಾಳೆ. ನವೆಂಬರಿನಲ್ಲಿ ಮಕ್ಕಳ ಕೆಲಸಗಳನ್ನೆಲ್ಲ ಪ್ರದರ್ಶನಕ್ಕಿಡುತ್ತೇವೆ. ನಿಶ್ಚಿಂತೆಯಿಂದಿರಿ.

ಡ್ರಾಯಿಂಗ್ ಟೀಚರ್


ಸೆಪ್ಟೆಂಬರ್ 17

ಚಿಟಿಕೆಯ ತಂದೆಯವರಿಗೆ,

ನನ್ನ ಹಿಂದಿನ ಪತ್ರ ನಿಮಗೆ ಸಿಗುವ ಮೊದಲು ಇದು ಸಿಗಲಿ ಎಂದು ಬೇಡಿಕೊಳ್ಳುತ್ತೇನೆ. ಸಿಗುವುದಿಲ್ಲ ಎಂದೂ ಗೊತ್ತು.

ಮಗು ಅಳಲಿಲ್ಲ ಎಂದು ಬರೆದಿದ್ದೆ. ಮಾತೂ ಆಡಿರಲಿಲ್ಲ, ಅದನ್ನು ಬರೆಯಲಿಲ್ಲ. ಮೊನ್ನೆ ಮಧ್ಯಾಹ್ನ ಹಾಸ್ಟೆಲಿನ ವಾರ್ಡನ್ ಓಡಿಬಂದು, "ನಿಮ್ಮ ಹುಡುಗಿಗೆ ಏನೋ ಆಗಿದೆ, ತಾನೇ ಕಿಟಕಿ ಬಾಗಿಲು ಹಾಕ್ಕೊಂಡು ಒಳಗಿಂದ ಕೂಗ್ತಿದಾಳೆ" ಎಂದರು. ಹೋದೆ. ಬಾಗಿಲು ಮುಚ್ಚಿತ್ತು. ಒಳಗಿಂದ ಚಿಟಿಕೆಯ ದನಿ, ಅಳುವ ದನಿಯಲ್ಲ, ಪಾಠ ಒಪ್ಪಿಸುವ ದನಿ:

"ಬಲಗಡೆ! ಮೇಲಿಂದ ಎರಡು ಗೇಣು! ಬೆಳಕು!"

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅದೇ. ಯಾರೋ ಉತ್ತರ ಕೊಡಬೇಕು ಎಂದು ಕಾಯುವ ಹಾಗೆ. ನಾನು ಒಳಗೆ ಹೋಗಿ ಅವಳ ಪಕ್ಕ ನೆಲದ ಮೇಲೆ ಕೂತೆ. "ಯಾರಿಗೆ ಹೇಳ್ತಿದೀಯಮ್ಮ?" ಎಂದೆ.

"ಅತ್ತೆಗೆ."

"ಅತ್ತೆ ಹೊರಗಿಲ್ವಲ್ಲ."

"ಗೊತ್ತು. ಆದ್ರೂ ಈ ಬಾಗಿಲು ಸರಿಯಾಗಿ ಹಾಕಿಲ್ಲ ಮಿಸ್. ಯಾರು ಹಾಕಿದ್ದು ಇದನ್ನ?"

ಆ "ಹಾಕಿದ್ದು" ಎಂಬ ಮಾತು ಕಿವಿಗೆ ಬಿದ್ದ ಮೇಲೆ, ಅತ್ತೆ ಏನು ಕೆಲಸ ಮಾಡುತ್ತಾರೆ ಎಂದು ಮೊದಲ ಸಲ ಕೇಳಿದೆ, ಮಗು ಎಲ್ಲ ಹೇಳಿದಳು. ನಿಮ್ಮ ಅಕ್ಕ ಬಾಗಿಲು ಹಾಕುತ್ತಾರೆ. ಹೌದು, ಹಾಕುತ್ತಾರೆ! ಹೊಸ ಮನೆಗಳಿಗೆ, ಅಂಗಡಿಗಳಿಗೆ, ಚೌಕಟ್ಟು ನಿಲ್ಲಿಸಿ, ಕೀಲು ಬಡಿದು, ಬಾಗಿಲು ಹಾಕುತ್ತಾರೆ. ಅದು ಅವರ ಕಸುಬು. ಹಾಕಿದ ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂತಿದೆಯೇ ಎಂದು ನೋಡಲು ಒಳಗೆ ಕತ್ತಲೆಯಲ್ಲಿ ಒಬ್ಬರು ನಿಲ್ಲಬೇಕು, ಎಲ್ಲಿ ಬೆಳಕು ನುಸುಳುತ್ತದೋ ಅಲ್ಲಿಂದ ಕೂಗಿ ಹೇಳಬೇಕು. ರಜೆಯಲ್ಲಿ ಆ ಒಬ್ಬರು ನಿಮ್ಮ ಮಗಳು. ಕೂಗಿದರೆ ಅತ್ತೆ ಬಾಗಿಲು ತೆಗೆಯುತ್ತಾರೆ. ಅಂದರೆ ಕೀಲು ಬಿಚ್ಚಿ ಪೂರ್ತಿ ತೆಗೆದೇ ಬಿಡುತ್ತಾರೆ, ಉಜ್ಜುಗೊರಡಿನಲ್ಲಿ ಉಜ್ಜಿ ಮತ್ತೆ ಹಾಕುತ್ತಾರೆ. ಧೂಳು ಮರದ ಹೊಟ್ಟು. ಸೋಮವಾರದ ನಿದ್ದೆ ಭಾನುವಾರದ ಆಟದ ಸುಸ್ತು. ಕಟ್ಟಡದ ಪಕ್ಕದಲ್ಲಿ ಮರಳಿನ ರಾಶಿ ಇರುತ್ತದಂತೆ.

"ಹಾಗಾದ್ರೆ ನಿನ್ನ ಪೆಟ್ಟಿಗೇಲಿ ಬಾಗಿಲು ತಟ್ಟಿದ್ದು ಯಾರು?" ಎಂದೆ.

"ಅಜ್ಜೀನೇ. ಬಾಗಿಲು ಕೂತಿದೆಯಾ ಅಂತ ಹೊರಗಿಂದ ತಟ್ಟಿ ತಟ್ಟಿ ನೋಡ್ತಿದಾಳೆ. ಒಳಗಿರೋರು ಹೇಳ್ಬೇಕಲ್ಲ ಮಿಸ್, ಅವಳಿಗೆ ಕಾಣಲ್ಲ."

ಇಡೀ ತರಗತಿಯಲ್ಲಿ ಕಥೆಯ ಕೊನೆಯ ಸಾಲಿಗೆ ಇಷ್ಟು ಚೆಂದದ ಉತ್ತರ ಇನ್ನೊಂದಿರಲಿಲ್ಲ, ನಾನು ಅದಕ್ಕೆ ಮಗುವನ್ನೇ ಮನೆ ಬಿಡಿಸಿದೆ. ಮಕ್ಕಳು ಮಾಡಿದ್ದನ್ನು ಅವರ ಬಾಯಿಂದಲೇ ಕೇಳಬೇಕು ಎಂದು ಬೇರೆ ಟೀಚರುಗಳಿಗೆ ಉಪದೇಶ ಮಾಡುವವಳು ನಾನು. ಒಂದೇ ಒಂದು ಪ್ರಶ್ನೆ ಹೆಚ್ಚಿಗೆ ಕೇಳಲಿಲ್ಲ.

ನಿಮ್ಮ ಅಕ್ಕನನ್ನು ಹುಡುಕಿಕೊಂಡು ಒಂದು ಹೊಸ ಕಟ್ಟಡಕ್ಕೆ ಹೋದೆ. ಎರಡನೇ ಮಹಡಿಯಲ್ಲಿ ಒಬ್ಬರೇ ಕೂತು ಬಾಗಿಲಿನ ಅಂಚು ಉಜ್ಜುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿದರು. ಕೆಲಸ ಬಿಡು ಎಂದು ನೀವು ಹೇಳಿದ್ದಿರಂತೆ. ಬಿಟ್ಟೆ ಎಂದು ನಿಮಗೆ ಸುಳ್ಳು ಹೇಳಿದ್ದರಂತೆ. "ಮನೇಲಿ ಸುಮ್ನೆ ಕೂತ್ರೆ ನನಗೆ ಉಸಿರು ಕಟ್ಟುತ್ತೆ. ಅವನಿಗೆ ಗೊತ್ತಿರ್ಬೇಕಿತ್ತು" ಎಂದರು. ಆಮೇಲೆ, "ನಾವಿಬ್ರೂ ಕೂತಿದ್ದ ಉಗ್ರಾಣದ ಬಾಗಿಲನ್ನ ಕೀಲು ಸಮೇತ ಕಿತ್ತು ಹಿತ್ತಲಿಗೆ ಎಸೆದೋಳು ನಾನು. ನಾನು ತೆಗೆದ ಮೊದಲನೇ ಬಾಗಿಲು ಅದು. ಅದನ್ನೂ ಅವನು ಮರೆತ್ನಾ?" ಎಂದರು.

ಒಪ್ಪಿಗೆ ಬರೆದುಕೊಟ್ಟ ತಂದೆಯೇ ಬಂದು ಬಿಡಿಸಿಕೊಳ್ಳಬೇಕು ಎಂದು ಹಾಸ್ಟೆಲಿನವರು ಹೇಳುತ್ತಾರೆ. ಹೆಡ್‌ಮಿಸ್ ನನ್ನ ಮಾತು ಕೇಳುತ್ತಿಲ್ಲ. ಮೊದಲು ಹಾಗೆ ಹೇಳಿದಿರಿ, ಈಗ ಹೀಗೆ ಹೇಳುತ್ತೀರಿ ಎನ್ನುತ್ತಾರೆ. ಅವರದು ತಪ್ಪಲ್ಲ. ಬನ್ನಿ. ನಿಮ್ಮ ಅಕ್ಕನಿಗೆ ಕೆಟ್ಟದಾಗಿ ಏನನ್ನೂ ಬರೆಯಬೇಡಿ. ಬರೆದಿದ್ದರೆ ಕಳಿಸಬೇಡಿ.

ಡ್ರಾಯಿಂಗ್ ಟೀಚರ್


ಸೆಪ್ಟೆಂಬರ್ 20

ಟೀಚರಮ್ಮ,

ನಿಮ್ಮ ಒಂಬತ್ತನೇ ತಾರೀಕಿನ ಪತ್ರ ಸಿಕ್ಕಿತು. ನೀವು ಮಾಡಿದ ಉಪಕಾರಕ್ಕೆ ಏನು ಹೇಳಲಿ. ಸ್ವಂತ ಅಕ್ಕ ಮಾಡದ್ದನ್ನು ಕಂಡು ಕೇಳರಿಯದ ನೀವು ಮಾಡಿದಿರಿ.

ಅಕ್ಕನಿಗೆ ಬರೆದಿದ್ದೇನೆ. ಅಪ್ಪನ ಬುದ್ಧಿ ನಿನಗೂ ಬಂತಲ್ಲ ಎಂದು ಬರೆದೆ. ಇನ್ನು ನನ್ನ ಮಗಳ ಕಣ್ಣಿಗೆ ಬೀಳಬೇಡ, ನನ್ನ ಕಣ್ಣಿಗೂ ಬೀಳಬೇಡ ಎಂದು ಬರೆದೆ. ಅಂಚೆಗೆ ಹಾಕಿ ಬಂದೆ, ಹಾಕಿದ್ದು ಸರಿ ಎನ್ನಿಸಿತು. ಚಿಟಿಕೆ ಶಾಲೆ ಮುಗಿಸುವವರೆಗೂ ಹಾಸ್ಟೆಲಿನಲ್ಲೇ ಇರಲಿ.

ನೀವು ಹೇಳಿದ ಚಪ್ಪಟೆ ಪೆನ್ಸಿಲ್ ಅಕ್ಕನದು. ಕಿತ್ತುಕೊಂಡು ಎಸೆದುಬಿಡಿ.

ಚಿಟಿಕೆಯ ಅಪ್ಪ


ಸೆಪ್ಟೆಂಬರ್ 30

ನಿಮ್ಮ ಇಪ್ಪತ್ತನೆಯ ತಾರೀಕಿನ ಪತ್ರ ಬಂತು. ನನ್ನ ಹದಿನೇಳರದು ನಿಮಗೆ ತಲುಪಿಲ್ಲ ಎಂದು ಅದರಲ್ಲೇ ಗೊತ್ತಾಯಿತು. ಅದನ್ನೇ ಮತ್ತೆ ಬರೆದು ಇದರ ಜೊತೆ ಇಟ್ಟಿದ್ದೇನೆ. ಮೊದಲು ಅದನ್ನು ಓದಿ.

ಓದಿದಿರಾ?

ನಿಮ್ಮ ಅಕ್ಕನಿಗೂ ನಿಮ್ಮ ಪತ್ರ ತಲುಪಿದೆ. ನಿನ್ನೆ ಮನೆಗೆ ಹೋಗಿದ್ದೆ. ಸಾಮಾನು ಕಟ್ಟುತ್ತಿದ್ದರು. ಬೇರೆ ಊರಿನಲ್ಲಿ ದೊಡ್ಡ ಕಟ್ಟಡದ ಕೆಲಸ ಒಪ್ಪಿಕೊಂಡಿದ್ದಾರಂತೆ, ಇಲ್ಲಿ ಹಿಡಿದ ಕೆಲಸಗಳು ಮುಂದಿನ ತಿಂಗಳು ಮುಗಿದರೆ ಹೊರಡುತ್ತಾರೆ. ಮಗುವನ್ನು ನೋಡಲು ಬನ್ನಿ, ನಾನು ವಾರ್ಡನ್ ಕೈಕಾಲು ಹಿಡಿಯುತ್ತೇನೆ ಎಂದೆ. "ಅವಳ ಕಣ್ಣಿಗೆ ಬೀಳ್ಬೇಡ ಅಂದಿದಾನೆ" ಎಂದರು. ಆತ ತಪ್ಪು ತಿಳಿದು ಬರೆದದ್ದು ಎಂದೆ. "ತಪ್ಪು ತಿಳ್ಕೊಳ್ಳೋಕೆ ಅವನಿಗೆ ನಿಮ್ಮ ಒಂದು ಪತ್ರ ಸಾಕಾಯ್ತು. ನಾನು ಸಾಕಿದ್ದು ಸಾಕಾಗ್ಲಿಲ್ಲ" ಎಂದರು. ಈ ಮಾತನ್ನು ನೀವು ಓದಬೇಕು, ಅದಕ್ಕೆ ಒಂದಕ್ಷರ ಬಿಡದೆ ಬರೆದಿದ್ದೇನೆ.

ಮಗು ಈಗ ಕೂಗುವುದನ್ನು ನಿಲ್ಲಿಸಿದ್ದಾಳೆ. ಬಾಗಿಲು ಹಾಕಿಕೊಂಡು ಸುಮ್ಮನೆ ಕೂರುತ್ತಾಳೆ. ಕೂಗುತ್ತಿದ್ದಾಗಲೇ ನನಗೆ ಕಡಿಮೆ ಭಯವಾಗುತ್ತಿತ್ತು. ಪೆನ್ಸಿಲ್ ನಾನು ಎಸೆದಿಲ್ಲ.

ಬೇಗ ಬನ್ನಿ.


ಅಕ್ಟೋಬರ್ 14

ನಿಮ್ಮ ಪತ್ರಗಳೆರಡೂ ಒಟ್ಟಿಗೆ ಸಿಕ್ಕವು.

ಅಕ್ಕ ಹದಿನೈದು ವರ್ಷದಿಂದ ಬಾಗಿಲು ಹಾಕುವ ಕೆಲಸದವಳು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಿಮಗೆ ಹೇಳಲು ನಾಚಿಕೆಯಾಗಿ "ಕೆಲಸಕ್ಕೆ ಹೋಗುತ್ತಿದ್ದಳು" ಎಂದಷ್ಟೇ ಬರೆದೆ. ಶಾಲೆಗೆ ಸೇರಿಸುವಾಗಲೂ ಮುಚ್ಚಿಟ್ಟೆ. "ಅತ್ತೆ ಬಾಗಿಲು ಹಾಕ್ತಾರೆ" ಎಂಬ ಮಾತನ್ನು ಇಡೀ ಪ್ರಪಂಚದಲ್ಲಿ ಸರಿಯಾಗಿ ಕೇಳಿಸಿಕೊಳ್ಳಬೇಕಾದವನು ನಾನೊಬ್ಬ. ನನಗೆ ಅಪ್ಪನ ಕೈ ಕಂಡಿತು, ಅಕ್ಕನ ಉಳಿ ಕಾಣಲಿಲ್ಲ.

ಇಲ್ಲೇ ಹಡಗಿನಿಂದ ಇಳಿಯುತ್ತಿದ್ದೇನೆ. ಕ್ಯಾಪ್ಟನ್ ಬೈದರು, ಬೈಯಲಿ. ಅಕ್ಕನನ್ನು ಹೇಗಾದರೂ ತಡೆದು ನಿಲ್ಲಿಸಿ.


ಅಕ್ಟೋಬರ್ 27

ಟೀಚರಮ್ಮನವರಿಗೆ ನಮಸ್ಕಾರ.

ಇದನ್ನು ರೈಲಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿದರೆ ಕ್ಷಮಿಸಿ. ಊರಿಗೆ ಬಂದು ನಿಮ್ಮನ್ನು ನೋಡದೆ ಹೊರಟೆ. ಶಾಲೆಯ ಮುಂದೆ ಎರಡು ಸಲ ನಡೆದುಹೋದೆ, ಒಳಗೆ ಬರಲಾಗಲಿಲ್ಲ. ನಿಮ್ಮ ಮೇಲೆ ಸಿಟ್ಟಿತ್ತು. ನನ್ನ ಮೇಲಿದ್ದ ಸಿಟ್ಟನ್ನು ನಿಮ್ಮ ಮೇಲೆ ಹಾಕುವುದು ಸುಲಭವಾಗಿತ್ತು ಎಂದು ಈಗ ಅನ್ನಿಸುತ್ತದೆ. ನಡೆದದ್ದನ್ನು ನಿಮಗೆ ಹೇಳಲೇಬೇಕು.

ಮೊದಲು ಹಾಸ್ಟೆಲಿಗೆ ಹೋದೆ. ವಾರ್ಡನ್ ಕೋಣೆ ತೋರಿಸಿದರು. ಬಾಗಿಲು ಮುಚ್ಚಿತ್ತು. ನಾನು ಎದುರಿಗೆ ನಿಂತೆ, ಕೈ ಎತ್ತಿದೆ, ತಟ್ಟಲು ಧೈರ್ಯ ಸಾಲದೆ ಹಾಗೇ ನಿಂತಿದ್ದೆ. ಒಳಗಿಂದ ಚಿಟಿಕೆಯ ದನಿ ಬಂತು:

"ಯಾರೋ ಬೆಳಕಿಗೆ ಅಡ್ಡ ನಿಂತಿದಾರೆ."

ತಟ್ಟಿದೆ.

"ಅತ್ತೇನಾ?" ಎಂದಳು.

"ಅಲ್ಲಮ್ಮ, ಅಪ್ಪ."

ಬಾಗಿಲು ತೆರೆಯಲಿಲ್ಲ. "ಬಾಗಿಲು ತೆಗಿ ಪುಟ್ಟಿ" ಎಂದೆ.

"ನನ್ನ ಕೈಲಿ ಆಗಲ್ಲ ಅಪ್ಪ. ಕೀಲು ಅತ್ತೇನೇ ಬಿಚ್ಚಬೇಕು" ಎಂದಳು.

ಬಾಗಿಲಿಗೆ ಒಳಗಿಂದ ಚಿಲಕ ಹಾಕಿರಲಿಲ್ಲ. ನಾನು ತಳ್ಳಬಹುದಿತ್ತು. ತಳ್ಳಲಿಲ್ಲ.

ಅಲ್ಲಿಂದ ಅಕ್ಕನ ಮನೆಗೆ ಹೋದೆ. ಸಾಮಾನೆಲ್ಲ ಹಗ್ಗ ಬಿಗಿದು ಬಾಗಿಲ ಬಳಿ ಇಟ್ಟಿತ್ತು. ಅಕ್ಕ ಹಾಸಿಗೆ ಸುತ್ತುತ್ತಿದ್ದಳು. ತಪ್ಪಾಯಿತು ಎಂದೆ. ಸುತ್ತುತ್ತಲೇ ಇದ್ದಳು. ಆ ಪತ್ರ ಹರಿದುಹಾಕು ಎಂದೆ. ನಿನ್ನ ಕೆಲಸದ ಬಗ್ಗೆ ಇನ್ನು ಮೇಲೆ ತುಟಿ ಪಿಟಕ್ಕೆನ್ನುವುದಿಲ್ಲ ಎಂದೆ. ಉಗ್ರಾಣ ನೆನಪಿದೆ ಎಂದೆ. ಅಳುತ್ತಿದ್ದೆ, ಅದನ್ನೂ ಅವಳು ನೋಡಲಿಲ್ಲ. ಹೇಳಲು ಇನ್ನೇನೂ ಉಳಿಯದೆ, ತೋಚದೆ, ಹಾಸ್ಟೆಲಿನ ಬಾಗಿಲಿನ ಬಗ್ಗೆ ಹೇಳಿದೆ. "ಬಲಗಡೆ, ಮೇಲಿಂದ ಎರಡು ಗೇಣು ಬೆಳಕು ಬರ್ತಿದೆ ಅಕ್ಕ. ಅವಳು ಒಬ್ಳೇ ಒಳಗೆ ಕೂತಿದಾಳೆ."

ಅಕ್ಕನ ಕೈ ನಿಂತಿತು. ಎದ್ದು, ಕಟ್ಟಿಟ್ಟ ಸಾಮಾನಿನೊಳಗಿಂದ ಉಪಕರಣದ ಚೀಲ ಎಳೆದುಕೊಂಡು ಹೆಗಲಿಗೆ ಹಾಕಿದಳು. ದಾರಿಯುದ್ದಕ್ಕೂ ಅವಳು ಮುಂದೆ, ನಾನು ಹಿಂದೆ.

ಹಾಸ್ಟೆಲಿನಲ್ಲಿ ವಾರ್ಡನ್ ಅಡ್ಡ ಬಂದರು. ನಾನು ಸಹಿ ಹಾಕುತ್ತಾ ನಿಂತೆ. ಅಕ್ಕ ಅವರನ್ನು ದಾಟಿ ಹೋಗಿ ಬಾಗಿಲಿನ ಮೈಯನ್ನು ಮೇಲಿಂದ ಕೆಳಗೆ ಬೆರಳ ಗೆಣ್ಣಿನಿಂದ ತಟ್ಟಿದಳು.

"ಅತ್ತೇ!" ಒಳಗಿಂದ ಕೂಗು. ಹಾಸ್ಟೆಲಿನ ಮಕ್ಕಳೆಲ್ಲ ಹೊರಗೆ ಬಂದರು. "ಬಲಗಡೆ! ಮೇಲಿಂದ ಎರಡು ಗೇಣು! ಎಷ್ಟು ದಿನದಿಂದ ಹೇಳ್ತಿದೀನಿ!"

"ನಿನ್ನ ಬಲಗಡೆ ನನಗೆ ಎಡಗಡೆ ಕಣೇ. ಇರು, ನೋಡ್ತೀನಿ" ಎಂದಳು ಅಕ್ಕ. ಅವಳ ದನಿ ಗಟ್ಟಿಯಾಗಿಯೇ ಇತ್ತು. ಕೈ ಮಾತ್ರ ಚೀಲದಲ್ಲಿ ತಿರುಪುಳಿ ಹುಡುಕುತ್ತಾ ಹುಡುಕುತ್ತಾ ಇತ್ತು, ಅದು ಮೇಲೆಯೇ ಇದ್ದರೂ.

ಕೀಲು ಒಂದೊಂದಾಗಿ ಬಿಚ್ಚಿದಳು. ಕೊನೆಯದು ಸಡಿಲವಾದಾಗ ಬಾಗಿಲು ವಾಲಿತು. ಅಕ್ಕ ನನ್ನ ಕಡೆ ತಿರುಗದೆಯೇ ಹೇಳಿದಳು:

"ಹಿಡ್ಕೋ."

ಹಿಡಿದುಕೊಂಡೆ. ಒಂದು ಬಾಗಿಲು ಇಷ್ಟು ಭಾರವಿರುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಬಾಗಿಲು ಪಕ್ಕಕ್ಕೆ ಸರಿದಾಗ ಒಳಗೆ ಚಿಟಿಕೆ ನಿಂತಿದ್ದಳು, ಕಿವಿಯ ಮೇಲೆ ಆ ಕೆಂಪು ಪೆನ್ಸಿಲ್. ಅತ್ತೆಯ ಸೊಂಟಕ್ಕೆ ಒಮ್ಮೆ ತಲೆ ಗುದ್ದಿ, ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅಪ್ಪ, ಅಲ್ಲಿ ಹಿಡೀಬೇಡಿ, ಬೆರಳು ಸಿಕ್ಕುತ್ತೆ. ಕೆಳಗೆ ಹಿಡೀರಿ" ಎಂದಳು. ಕೆಳಗೆ ಹಿಡಿದೆ.

ಅಕ್ಕ ಮೇಲಿನ ಕೀಲಿನ ಹಿಂದೆ ತೆಳು ಹಲಗೆಯ ಚೂರೊಂದನ್ನು ಇಟ್ಟಳು, ಅಂಚು ಉಜ್ಜಿದಳು, ಬಾಗಿಲು ಹಾಕಿದಳು. ಚಿಟಿಕೆ ಹೇಳಿಸಿಕೊಳ್ಳದೆ ಮತ್ತೆ ಒಳಗೆ ಹೋಗಿ ಮುಚ್ಚಿಕೊಂಡಳು. ವಾರ್ಡನ್ ಕೂಡ ಬಗ್ಗಿ ಬಾಗಿಲಿನ ಸಂದಿ ನೋಡಿದರು.

"ಈಗ?" ಎಂದಳು ಅಕ್ಕ.

"ಇಲ್ಲ. ಎಲ್ಲೂ ಬೆಳಕಿಲ್ಲ."

"ಹಾಗಿದ್ರೆ ಬಾ. ಮನೆಗೆ ಹೋಗೋಣ."

ಬಾಗಿಲು ಸದ್ದಿಲ್ಲದೆ ತೆರೆಯಿತು. ಆ ಕೋಣೆಗೆ ಇನ್ನು ಬೇರೆ ಯಾವುದೋ ಮಗು ಬರುತ್ತದೆ. ಅದಕ್ಕೆ ಒಳ್ಳೆಯ ಬಾಗಿಲಾಯಿತು.

ಮನೆಯಲ್ಲಿ ಸಾಮಾನಿನ ಹಗ್ಗ ಬಿಚ್ಚಿದವನು ನಾನು. ಅಕ್ಕ ಬೇಡವೆನ್ನಲಿಲ್ಲ. ನಾನಿದ್ದಷ್ಟು ದಿನವೂ ಅವಳು ನನ್ನ ಜೊತೆ ಬೇರೆ ಮಾತಾಡಲಿಲ್ಲ. ಇವತ್ತು ಹೊರಡುವಾಗ ನಮಸ್ಕಾರ ಮಾಡಿದೆ, "ಹೂಂ" ಎಂದಳು. ಕ್ಷಮಿಸಿದಳೋ ಇಲ್ಲವೋ ತಿಳಿಯದು. ಅವಳ ಹೂಂಗಳ ಅರ್ಥ ನನಗಿಂತ ಚಿಟಿಕೆಗೆ ಚೆನ್ನಾಗಿ ಗೊತ್ತು, ಕೇಳಿ ಬರೆ ಎಂದು ಅವಳಿಗೆ ಹೇಳಿ ಬಂದಿದ್ದೇನೆ.

ಪೆಟ್ಟಿಗೆಯನ್ನು ನನಗೆ ಕಳಿಸಬೇಡಿ. ಪ್ರದರ್ಶನದಲ್ಲಿಡಿ. ನೋಡಲು ಬಂದವರು ತೂತಿನಲ್ಲಿ ಕಣ್ಣಿಟ್ಟು ಅಯ್ಯೋ ಪಾಪ ಎನ್ನುತ್ತಾರೆ. ಪಕ್ಕದಲ್ಲಿ ಚಿಟಿಕೆಯನ್ನು ನಿಲ್ಲಿಸಿ, ಅವಳೇ ಹೇಳಲಿ.

ಇಂತಿ,
ಬಾಗಿಲು ಹಾಕುವವಳ ತಮ್ಮ